ಐವತ್ತು ವರ್ಷ ಕಾದ ಪ್ರಶ್ನೆ

ಆಸ್ಪತ್ರೆಯಲ್ಲಿ ಮೂಳೆಯ ಚಿತ್ರ ತೆಗೆಯುವ ಕ್ಷ-ಕಿರಣವನ್ನು ನೀವೆಲ್ಲರೂ ಬಲ್ಲಿರಿ. ಕಪ್ಪುಕುಳಿ, ನ್ಯೂಟ್ರಾನ್ ತಾರೆಗಳ ಆಸುಪಾಸಿನಿಂದಲೂ ಅಂಥ ಕಿರಣಗಳು ಹೊಮ್ಮುತ್ತವೆ. ಭೂಮಿಯ ವಾತಾವರಣ ಅವನ್ನು ತಡೆಯುವುದರಿಂದ ಅವುಗಳ ಅಧ್ಯಯನಕ್ಕೆ ಉಪಕರಣವನ್ನೇ ಮೇಲಕ್ಕೆ ಕಳುಹಿಸಬೇಕು. ಆದರೂ ಕ್ಷ-ಕಿರಣ ದೂರದರ್ಶಕಕ್ಕೆ ಈ ಕಾಯಗಳು ಬರಿಯ ಚುಕ್ಕೆಗಳು. ಚುಕ್ಕೆಯ ಒಳರೂಪವನ್ನು ಅರಿಯುವುದೆಂತು?

ಹಗ್ಗವೊಂದನ್ನು ಕಂಬಕ್ಕೆ ಕಟ್ಟಿ ಅಲುಗಿಸಿ ನೋಡಿ. ಅಲೆ ಮೇಲೆ ಕೆಳಗೆ ಏಳಬಹುದು, ಅಡ್ಡಲಾಗಿಯೂ ಏಳಬಹುದು. ಬೆಳಕಿನ ಅಲೆಗಳು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುವುದನ್ನು ಧ್ರುವೀಕರಣವೆನ್ನುತ್ತಾರೆ. ಕಾಂತಕ್ಷೇತ್ರದಲ್ಲಿ ಹುಟ್ಟಿದ, ಇಲ್ಲವೇ ಬಿಸಿ ಅನಿಲದಲ್ಲಿ ಚದುರಿದ ಕಿರಣವು ತನ್ನ ಹುಟ್ಟೂರಿನ ಗುರುತನ್ನು ಈ ಕಂಪನದಲ್ಲಿಯೇ ಹೊತ್ತು ತರುತ್ತದೆ.

1971ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ರಾಬರ್ಟ್ ನೋವಿಕ್ ಅವರ ತಂಡ ಈ ಗುರುತನ್ನು ಅರಸಿ ರಾಕೆಟ್ ಒಂದನ್ನು ಹಾರಿಸಿತು. ತಂಡದಲ್ಲಿ ಮಾರ್ಟಿನ್ ವೈಸ್ಕಾಫ್ ಎಂಬ ತರುಣ ವಿಜ್ಞಾನಿಯಿದ್ದರು. 1054ರಲ್ಲಿ ಚೀನೀಯರು ಕಂಡು ದಾಖಲಿಸಿದ ತಾರಾಸ್ಫೋಟದ ಅವಶೇಷವೇ ಏಡಿ ನೀಹಾರಿಕೆ. ಕೆಲವೇ ನಿಮಿಷಗಳ ಆ ಹಾರಾಟದಲ್ಲಿ ಅದರ ಕಿರಣಗಳು ಧ್ರುವೀಕರಣಗೊಂಡಿರುವ ಸುಳಿವು ದೊರೆಯಿತು. 1975ರಲ್ಲಿ ಹಾರಿದ ಓಎಸ್‌ಓ-8 ಉಪಗ್ರಹ ಅದನ್ನು ಶೇಕಡಾ 19 ಎಂದು ಖಚಿತಪಡಿಸಿತು.

ಅನಂತರ ಬಂದುದು ದೀರ್ಘ ಮೌನ. ಈ ಅಳತೆಗೆ ಅಪಾರ ಕಿರಣಕಣಗಳು ಬೇಕು. ಒಂದೇ ತಾರೆಯನ್ನು ದಿನಗಟ್ಟಲೆ ದಿಟ್ಟಿಸಬೇಕು. ಸೋವಿಯತ್ ಉಪಗ್ರಹವೊಂದಕ್ಕಾಗಿ ಸಿದ್ಧಪಡಿಸಿದ ಉಪಕರಣ ಹಾರಲೇ ಇಲ್ಲ. ಸ್ವತಃ ವೈಸ್ಕಾಫ್ ಯೋಜನಾ ವಿಜ್ಞಾನಿಯಾಗಿದ್ದ ಚಂದ್ರಾ ದೂರದರ್ಶಕ 1999ರಲ್ಲಿ ಮೇಲೇರಿದಾಗಲೂ ಅದರಲ್ಲಿ ಧ್ರುವೀಕರಣಮಾಪಕಕ್ಕೆ ಎಡೆಯಿರಲಿಲ್ಲ.

ದಾರಿ ತೆರೆದುದು ಇಟಲಿಯಲ್ಲಿ. ಕ್ಷ-ಕಿರಣ ಅನಿಲಕ್ಕೆ ತಾಗಿದಾಗ ಚಿಮ್ಮುವ ಎಲೆಕ್ಟ್ರಾನಿನ ಜಾಡನ್ನು ಗುರುತಿಸಿ, ಅದರಿಂದ ಕಂಪನದ ದಿಕ್ಕನ್ನು ಅಳೆಯುವ ಶೋಧಕವನ್ನು ಅಲ್ಲಿನ ವಿಜ್ಞಾನಿಗಳು 2001ರಲ್ಲಿ ಜಗತ್ತಿನ ಮುಂದಿಟ್ಟರು. ಅದನ್ನು ಹೊತ್ತ ಐಎಕ್ಸ್‌ಪಿಇ ಉಪಗ್ರಹ 2021ರ ಡಿಸೆಂಬರ್ 9ರಂದು ನಭಕ್ಕೇರಿತು. ಆಗ ಅದರ ಪ್ರಧಾನ ವಿಜ್ಞಾನಿಯಾಗಿದ್ದವರು ಬೇರಾರೂ ಅಲ್ಲ, 1971ರ ಆ ತರುಣ ವೈಸ್ಕಾಫ್!

ಮರುವರ್ಷವೇ ಅದು ಸಿಗ್ನಸ್ ಎಕ್ಸ್-1 ಕಪ್ಪುಕುಳಿಯನ್ನು ದಿಟ್ಟಿಸಿತು. ಧ್ರುವೀಕರಣ ಕೇವಲ ಶೇಕಡಾ 4. ಆದರೆ ಅಷ್ಟರಿಂದಲೇ, ಅತಿಬಿಸಿಯ ಅನಿಲವು ಚಿಮ್ಮುವ ಧಾರೆಯ ಉದ್ದಕ್ಕಲ್ಲ, ಕುಳಿಯನ್ನು ಸುತ್ತುವ ತಟ್ಟೆಯ ಗುಂಟ ಹರಡಿದೆಯೆಂದು ತಿಳಿಯಿತು. 2024ರ ಜನವರಿ 1ರಂದು ಶ್ರೀಹರಿಕೋಟದಿಂದ ಭಾರತದ ಎಕ್ಸ್‌ಪೋಸ್ಯಾಟ್ ಹೊರಟಿತು. ಅದರ ಪೋಲಿಕ್ಸ್ ಉಪಕರಣವನ್ನು ರೂಪಿಸಿದ್ದು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ.

ನಮ್ಮ ಮಕ್ಕಳಿಗೆ ಗೆಲುವಿನ ಕಥೆಗಳನ್ನು ಬೇಕಾದಷ್ಟು ಹೇಳುತ್ತೇವೆ. ಯಾರೂ ಗಮನಿಸದ ವರ್ಷಗಳಲ್ಲಿಯೂ ಪ್ರಶ್ನೆಯನ್ನು ಕೈಬಿಡದವರ ಈ ಕಥೆಯನ್ನೂ ಒಮ್ಮೆ ಹೇಳೋಣ.