ಕಾಡತೂಸುಗಳ ಪುನರ್ಭರ್ತಿ: ತಂತ್ರಾಂಶದ ಅಂದಾಜು ವೇಗ ಹಾಗೂ ಅಳತೆ ಮಾಡಿದ ವೇಗ – ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಆಯುಧ ಪರವಾನಗಿದಾರರಿಗೆ ಮಾಹಿತಿ

1. ಪೀಠಿಕೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳಲ್ಲಿ ಬೆಳೆ ರಕ್ಷಣೆ, ಆತ್ಮರಕ್ಷಣೆ ಅಥವಾ ಕ್ರೀಡೆಯ ಉದ್ದೇಶಕ್ಕಾಗಿ ಬಂದೂಕು ಪರವಾನಗಿ ಹೊಂದಿರುವವರು ಮತ್ತು ಹೊಸದಾಗಿ ಅರ್ಜಿ ಸಲ್ಲಿಸಲು ಇಚ್ಛಿಸುವವರು ಈ ಮಾಹಿತಿಯನ್ನು ಪೂರ್ಣವಾಗಿ ಓದಿಕೊಳ್ಳತಕ್ಕದ್ದು. ಉಪಯೋಗಿಸಿದ ಖಾಲಿ ಕಾಡತೂಸಿಗೆ ಮತ್ತೆ ಕ್ಯಾಪು, ಮದ್ದು ಮತ್ತು ಗುಂಡನ್ನು ತುಂಬುವುದಕ್ಕೆ ಪುನರ್ಭರ್ತಿ ಎಂದು ಹೆಸರು. ಕೆಲವು ವಿದೇಶಗಳಲ್ಲಿ ಇದು ಕಾನೂನುಬದ್ಧ ಹವ್ಯಾಸವಾಗಿದ್ದು, ಗುಂಡಿನ ವೇಗವನ್ನು ಮುಂಚಿತವಾಗಿ ಲೆಕ್ಕ ಹಾಕಿ ತಿಳಿಸುವ ಗಣಕ ತಂತ್ರಾಂಶಗಳು ಅಲ್ಲಿ ಬಳಕೆಯಲ್ಲಿವೆ. ಇಂತಹ ತಂತ್ರಾಂಶಗಳು ನಮ್ಮಲ್ಲಿಯೂ ಸುಲಭವಾಗಿ ದೊರೆಯುವುದರಿಂದ, ಗಣಕದ ಪರದೆಯ ಮೇಲೆ ಕಾಣುವ ಅಂಕಿಯನ್ನೇ ಸುರಕ್ಷತೆಯ ಪ್ರಮಾಣಪತ್ರವೆಂದು ತಿಳಿಯುವ ಅಪಾಯವಿದೆ. ಆ ಅಂಕಿಯ ನಿಜವಾದ ಬೆಲೆಯೇನು, ಅಳತೆ ಮಾಡಿದ ವೇಗ ಅದಕ್ಕಿಂತ ಏಕೆ ಭಿನ್ನವಾಗಿರುತ್ತದೆ ಮತ್ತು ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಕೆಳಗೆ ವಿವರಿಸಲಾಗಿದೆ.

2. ಹಿನ್ನೆಲೆ

ಲೆಕ್ಕದ ವೇಗವನ್ನು ಅಳತೆಯ ವೇಗದೊಡನೆ ಹೋಲಿಸುವ ಪದ್ಧತಿ ಹೊಸದೇನಲ್ಲ. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಅವರು 1742ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮದ್ದಿನ ಅನಿಲದ ಒತ್ತಡದಿಂದ ಗುಂಡಿನ ವೇಗವನ್ನು ಲೆಕ್ಕ ಹಾಕಿದ್ದಲ್ಲದೆ, ಭಾರವಾದ ಮರದ ಲೋಲಕಕ್ಕೆ ಗುಂಡು ಹಾರಿಸಿ, ಅದು ಎಷ್ಟು ದೂರ ತೂಗಿತೆಂಬುದರಿಂದ ನಿಜವಾದ ವೇಗವನ್ನು ಕಂಡುಹಿಡಿದು ಎರಡನ್ನೂ ತಾಳೆ ನೋಡಿದರು. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿ ಭಾರತಕ್ಕೆ ಬಂದ ಅವರು 1751ರಲ್ಲಿ, ಇಂದಿನ ತಮಿಳುನಾಡಿನ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ನಿಧನರಾದರು. ಲೆಕ್ಕವನ್ನು ಅಳತೆಯಿಂದ ಪರೀಕ್ಷಿಸದೆ ನಂಬಬಾರದೆಂಬ ಅವರ ಕ್ರಮವನ್ನೇ ಇಂದಿಗೂ ಮದ್ದುಗುಂಡು ಕಾರ್ಖಾನೆಗಳು ಅನುಸರಿಸುತ್ತವೆ.

3. ತಂತ್ರಾಂಶವು ಲೆಕ್ಕ ಹಾಕುವ ವಿಧಾನ

ತಂತ್ರಾಂಶಗಳಲ್ಲಿ ಎರಡು ಬಗೆಗಳಿವೆ.

(ಅ) ನಳಿಗೆಯ ಒಳಗಿನ ಲೆಕ್ಕ: ಮದ್ದು ಉರಿಯುವ ಗತಿ, ಕಾಡತೂಸಿನ ಒಳ ಅವಕಾಶ, ಗುಂಡಿನ ತೂಕ ಮತ್ತು ನಳಿಗೆಯ ಉದ್ದವನ್ನು ಆಧರಿಸಿ ಗುಂಡು ನಳಿಗೆಯ ಬಾಯಿಯಿಂದ ಹೊರಬೀಳುವ ವೇಗವನ್ನೂ ಒಳಗಿನ ಗರಿಷ್ಠ ಒತ್ತಡವನ್ನೂ ಅಂದಾಜು ಮಾಡುತ್ತದೆ.

(ಆ) ನಳಿಗೆಯ ಹೊರಗಿನ ಲೆಕ್ಕ: ಹೊರಬಿದ್ದ ಗುಂಡು ಗಾಳಿಯ ತಡೆಯಿಂದ ಎಷ್ಟು ದೂರದಲ್ಲಿ ಎಷ್ಟು ವೇಗ ಕಳೆದುಕೊಳ್ಳುತ್ತದೆ, ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ತಿಳಿಸುತ್ತದೆ.

ಎರಡೂ ಬಗೆಯ ಲೆಕ್ಕಗಳು ಬಳಕೆದಾರನು ಒದಗಿಸಿದ ಅಂಕಿಗಳನ್ನೇ ಅವಲಂಬಿಸಿರುತ್ತವೆ. ಅಂಕಿ ಒದಗಿಸದಿದ್ದಲ್ಲಿ ತಂತ್ರಾಂಶವು ತನ್ನಲ್ಲಿ ಮೊದಲೇ ಇರುವ ಪ್ರಮಾಣಿತ ಅಂಕಿಗಳನ್ನು ತೆಗೆದುಕೊಳ್ಳುತ್ತದೆ. ಗಾಳಿಗೆ ಸಂಬಂಧಿಸಿದ ಪ್ರಮಾಣಿತ ಅಂಕಿ ಸಾಮಾನ್ಯವಾಗಿ ಸಮುದ್ರಮಟ್ಟದ ಎತ್ತರ ಮತ್ತು 15 ಡಿಗ್ರಿ ಸೆಲ್ಸಿಯಸ್ ಉಷ್ಣತೆ. ಆದರೆ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಪಟ್ಟಣಗಳು ಸಮುದ್ರಮಟ್ಟದಿಂದ 500 ಮೀಟರ್‌ಗೂ ಹೆಚ್ಚು ಎತ್ತರದಲ್ಲಿವೆ. ಬೇಸಿಗೆಯ ಬಿಸಿಲೂ ತೀವ್ರವಾಗಿರುತ್ತದೆ. ಎತ್ತರ 550 ಮೀಟರ್ ಮತ್ತು ಉಷ್ಣತೆ 38 ಡಿಗ್ರಿ ಎಂದು ಹಿಡಿದರೆ, ಇಲ್ಲಿನ ಗಾಳಿಯ ಸಾಂದ್ರತೆ ಪ್ರಮಾಣಿತ ಗಾಳಿಗಿಂತ ಸುಮಾರು ಶೇ. 13ರಷ್ಟು ಕಡಿಮೆ. ಇದರಿಂದ ಗುಂಡು ದೂರದಲ್ಲಿ ಉಳಿಸಿಕೊಳ್ಳುವ ವೇಗ ಹೆಚ್ಚುತ್ತದೆ. ತಪ್ಪಿದ ಗುಂಡು ಲೆಕ್ಕಕ್ಕಿಂತ ದೂರ ಹೋಗುತ್ತದೆ.

4. ವೇಗವನ್ನು ಅಳೆಯುವ ವಿಧಾನ

ವೇಗವನ್ನು ಅಳೆಯುವ ಉಪಕರಣಕ್ಕೆ ಕ್ರೋನೋಗ್ರಾಫ್ ಎನ್ನುತ್ತಾರೆ. ಸಾಮಾನ್ಯ ಮಾದರಿಯಲ್ಲಿ ನಿಗದಿತ ಅಂತರದಲ್ಲಿ ಎರಡು ಬೆಳಕಿನ ಸಂವೇದಕಗಳಿರುತ್ತವೆ. ಗುಂಡು ಮೊದಲನೆಯದನ್ನು ದಾಟಿದ ಕ್ಷಣದಿಂದ ಎರಡನೆಯದನ್ನು ದಾಟುವವರೆಗಿನ ಕಾಲದಿಂದ ಅಂತರವನ್ನು ಭಾಗಿಸಿದರೆ ವೇಗ ದೊರೆಯುತ್ತದೆ. ಈ ಅಳತೆಯಲ್ಲಿಯೂ ದೋಷಗಳು ಸಂಭವಿಸಬಹುದು:

• ಸಂವೇದಕಗಳ ಅಂತರ 1 ಮೀಟರ್ ಇರಬೇಕಾದಲ್ಲಿ 1 ಸೆಂಟಿಮೀಟರ್ ವ್ಯತ್ಯಾಸವಾದರೆ ವೇಗದಲ್ಲಿ ಶೇ. 1ರಷ್ಟು ತಪ್ಪು ಬರುತ್ತದೆ.
• ಉಪಕರಣವನ್ನು ನಳಿಗೆಗೆ ತೀರಾ ಹತ್ತಿರ ಇಟ್ಟರೆ ಹೊಗೆ ಮತ್ತು ಸ್ಫೋಟದ ಅಲೆಯನ್ನೇ ಗುಂಡೆಂದು ಎಣಿಸಬಹುದು.
• ಉಪಕರಣವನ್ನು ಕೆಲವು ಮೀಟರ್ ಮುಂದೆ ಇಟ್ಟಿದ್ದಲ್ಲಿ, ಅಷ್ಟರೊಳಗೆ ಗುಂಡು ಕಳೆದುಕೊಂಡ ವೇಗವನ್ನು ಸೇರಿಸಿಯೇ ತಂತ್ರಾಂಶದ ಅಂಕಿಯೊಡನೆ ಹೋಲಿಸಬೇಕು.
• ಚರೆ ತುಂಬಿದ 12 ಬೋರ್ ಕಾಡತೂಸಿನಲ್ಲಿ ಚರೆಗಳು ಹರಡಿಕೊಂಡು ಸಾಗುವುದರಿಂದ ಒಂದೇ ನಿಖರ ವೇಗ ದೊರೆಯುವುದು ಕಷ್ಟ.

5. ಹೋಲಿಕೆಯ ಉದಾಹರಣೆ

ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತಿಳಿಸಲು ಮಾತ್ರ ನೀಡಿರುವ ಕಾಲ್ಪನಿಕ ಅಂಕಿಗಳು.

ತಂತ್ರಾಂಶದ ಅಂದಾಜು: ಸೆಕೆಂಡಿಗೆ 700 ಮೀಟರ್.
ಅಳೆದ 5 ಗುಂಡುಗಳ ವೇಗ: 668, 674, 671, 679, 673.
ಸರಾಸರಿ: 673 ಮೀಟರ್.
ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗಗಳ ಅಂತರ: 11 ಮೀಟರ್.
ಅಂದಾಜಿಗೂ ಸರಾಸರಿಗೂ ವ್ಯತ್ಯಾಸ: 27 ಮೀಟರ್, ಅಂದರೆ ಸುಮಾರು ಶೇ. 3.9.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದಾಗಿ, ಗುಂಡುಗಳ ನಡುವಿನ ಅಂತರ ಕೇವಲ 11 ಮೀಟರ್ ಇದ್ದು, ಅಂದಾಜಿನಿಂದ ಬಂದ ವ್ಯತ್ಯಾಸ 27 ಮೀಟರ್ ಇರುವುದರಿಂದ ಇದು ಆಕಸ್ಮಿಕವಲ್ಲ; ತಂತ್ರಾಂಶಕ್ಕೆ ನೀಡಿದ ಯಾವುದೋ ಅಂಕಿ ಅಥವಾ ಅಳತೆಯ ಉಪಕರಣ ವಾಸ್ತವಕ್ಕೆ ಹೊಂದುತ್ತಿಲ್ಲ. ಎರಡನೆಯದಾಗಿ, ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ವೇಗದಲ್ಲಿ ಶೇ. 3.9 ಕಡಿಮೆಯಾದರೆ ಶಕ್ತಿಯಲ್ಲಿ ಸುಮಾರು ಶೇ. 7.6 ಕಡಿಮೆಯಾಗುತ್ತದೆ.

6. ವ್ಯತ್ಯಾಸಕ್ಕೆ ಕಾರಣಗಳು

ನಳಿಗೆಯ ನಿಜವಾದ ಉದ್ದ ಮತ್ತು ಸವೆತ, ಒಂದೇ ಹೆಸರಿನ ಮದ್ದಿನಲ್ಲಿ ತಯಾರಿಕೆಯ ತಂಡದಿಂದ ತಂಡಕ್ಕೆ ಇರುವ ಭೇದ, ಖಾಲಿ ಕಾಡತೂಸಿನ ಗೋಡೆಯ ದಪ್ಪ, ಗುಂಡನ್ನು ಕೂರಿಸಿದ ಆಳ, ಕ್ಯಾಪಿನ ಬಲ ಹಾಗೂ ಮದ್ದಿನ ಉಷ್ಣತೆ ಇವು ಮುಖ್ಯ ಕಾರಣಗಳು. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗಿದ್ದ ಕಾಡತೂಸಿನ ಮದ್ದು ಸಾಮಾನ್ಯವಾಗಿ ಹೆಚ್ಚು ವೇಗವಾಗಿ ಉರಿದು ಒತ್ತಡವನ್ನು ಏರಿಸುತ್ತದೆ.

ಅಳೆದ ವೇಗವು ಅಂದಾಜಿಗಿಂತ ಹೆಚ್ಚಾಗಿದ್ದಲ್ಲಿ ಅದನ್ನು ಲಾಭವೆಂದು ಭಾವಿಸತಕ್ಕದ್ದಲ್ಲ. ಒಳಗಿನ ಒತ್ತಡ ಮಿತಿ ಮೀರಿರಬಹುದೆಂಬ ಎಚ್ಚರಿಕೆ ಅದು. ಇದಕ್ಕಿಂತಲೂ ಮುಖ್ಯವಾಗಿ, ಅಳತೆಯೂ ಅಂದಾಜೂ ಸರಿಯಾಗಿ ತಾಳೆಯಾದರೂ ಕಾಡತೂಸು ಸುರಕ್ಷಿತವೆಂದು ಸಿದ್ಧವಾಗುವುದಿಲ್ಲ. ಬೇಗ ಉರಿಯುವ ಮದ್ದು ಮತ್ತು ನಿಧಾನವಾಗಿ ಉರಿಯುವ ಮದ್ದು ಎರಡೂ ಒಂದೇ ವೇಗ ಕೊಡಬಹುದು. ಆದರೆ ಮೊದಲನೆಯದರ ಗರಿಷ್ಠ ಒತ್ತಡ ನಳಿಗೆಯನ್ನೇ ಸೀಳುವಷ್ಟಿರಬಹುದು. ಕ್ರೋನೋಗ್ರಾಫ್ ವೇಗವನ್ನು ಮಾತ್ರ ಅಳೆಯುತ್ತದೆ, ಒತ್ತಡವನ್ನಲ್ಲ. ಒತ್ತಡವನ್ನು ಅಳೆಯಲು ಕಾರ್ಖಾನೆಗಳಲ್ಲಿ ವಿಶೇಷ ಪರೀಕ್ಷಾ ನಳಿಗೆಗಳಿರುತ್ತವೆ. ಮನೆಯಲ್ಲಿ ಅದಕ್ಕೆ ಬದಲಿ ವ್ಯವಸ್ಥೆಯಿಲ್ಲ. ಬಂದೂಕನ್ನು ಹಿಡಿದವನ ಕೈ ಮತ್ತು ಕಣ್ಣು ನಳಿಗೆಯಿಂದ ಗೇಣುದ್ದದ ಅಂತರದಲ್ಲಿರುತ್ತವೆ ಎಂಬುದನ್ನು ಮರೆಯಬಾರದು.

7. ಕಾನೂನಿನ ನಿಬಂಧನೆಗಳು

• ಆಯುಧ ಅಧಿನಿಯಮ, 1959ರ 5ನೇ ಪ್ರಕರಣದ ಪ್ರಕಾರ ಮದ್ದುಗುಂಡುಗಳನ್ನು ತಯಾರಿಸಲು ಹಾಗೂ ಪರೀಕ್ಷಿಸಲು ಪ್ರತ್ಯೇಕ ಪರವಾನಗಿ ಅಗತ್ಯ. ಬಂದೂಕನ್ನು ಹೊಂದಲು ನೀಡಿದ ಪರವಾನಗಿಯು ತಯಾರಿಕೆಯ ಪರವಾನಗಿಯಲ್ಲ.
• 2ನೇ ಪ್ರಕರಣದ ವ್ಯಾಖ್ಯೆಯಂತೆ ಮದ್ದುಗುಂಡಿನ ಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರಗಳೂ ಮದ್ದುಗುಂಡುಗಳೆಂದೇ ಪರಿಗಣಿತವಾಗುತ್ತವೆ.
• 5ನೇ ಪ್ರಕರಣವನ್ನು ಉಲ್ಲಂಘಿಸಿ ತಯಾರಿಸಿದಲ್ಲಿ, 2019ರ ತಿದ್ದುಪಡಿಯ ನಂತರ, 7 ವರ್ಷಕ್ಕೆ ಕಡಿಮೆಯಿಲ್ಲದ, ಆಜೀವ ಕಾರಾವಾಸದವರೆಗೆ ವಿಸ್ತರಿಸಬಹುದಾದ ಶಿಕ್ಷೆ ಮತ್ತು ದಂಡ ವಿಧಿಸಬಹುದಾಗಿದೆ.
• ಗೋಕಾಕ ತಾಲ್ಲೂಕಿನ ಧೂಪದಾಳ ಪರಿಸರದಲ್ಲಿ ಘಟಪ್ರಭಾ ಪಕ್ಷಿಧಾಮವಿದೆ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 31ನೇ ಪ್ರಕರಣದಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಪೂರ್ವಾನುಮತಿಯಿಲ್ಲದೆ ಆಯುಧದೊಂದಿಗೆ ಧಾಮವನ್ನು ಪ್ರವೇಶಿಸುವಂತಿಲ್ಲ. 34ನೇ ಪ್ರಕರಣದಂತೆ ಧಾಮದಿಂದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹೊಸ ಆಯುಧ ಪರವಾನಗಿ ನೀಡಲು ಅವರ ಪೂರ್ವ ಸಹಮತಿ ಅಗತ್ಯ. ಅರ್ಜಿದಾರರು ತಮ್ಮ ಗ್ರಾಮ ಈ ವ್ಯಾಪ್ತಿಯಲ್ಲಿ ಬರುತ್ತದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಸೂಕ್ತ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಾರ್ಖಾನೆಯ ಕಾಡತೂಸು ದುಬಾರಿ. ನನ್ನ ಸ್ವಂತ ಬಳಕೆಗೆ ಮಾತ್ರ ತುಂಬಿಕೊಳ್ಳಬಹುದೇ?
ಉತ್ತರ: ಪರವಾನಗಿಯಿಲ್ಲದೆ ಸಾಧ್ಯವಿಲ್ಲ. ಪರವಾನಗಿಯಲ್ಲಿ ನಮೂದಿಸಿರುವ ಬೋರ್ ಮತ್ತು ಸಂಖ್ಯೆಗೆ ಒಳಪಟ್ಟು ಅಧಿಕೃತ ಮಾರಾಟಗಾರರಿಂದಲೇ ಖರೀದಿಸಿ, ರಸೀದಿಯನ್ನು ಕಾಪಾಡಿಕೊಳ್ಳತಕ್ಕದ್ದು.

ಪ್ರಶ್ನೆ: ಕೊಡಗಿನಲ್ಲಿರುವ ವಿನಾಯಿತಿ ನಮಗೂ ಉಂಟೇ?
ಉತ್ತರ: ಇಲ್ಲ. ಅದು ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ನೀಡಿದ ವಿನಾಯಿತಿ.

ಪ್ರಶ್ನೆ: ಹಳೆಯ ಅಥವಾ ಹಸಿ ತಾಗಿದ ಕಾಡತೂಸುಗಳನ್ನು ಏನು ಮಾಡಬೇಕು?
ಉತ್ತರ: ಬಿಚ್ಚುವುದಾಗಲಿ, ಸುಡುವುದಾಗಲಿ, ಹೂಳುವುದಾಗಲಿ ಮಾಡದೆ ಸಮೀಪದ ಪೊಲೀಸ್ ಠಾಣೆಗೆ ತಿಳಿಸಿ, ಅಲ್ಲಿನ ಸೂಚನೆಯಂತೆ ನಡೆದುಕೊಳ್ಳತಕ್ಕದ್ದು.

ಪ್ರಶ್ನೆ: ಬೆಳೆ ರಕ್ಷಣೆಯ ಪರವಾನಗಿ ಇದ್ದರೆ ಕಾಡುಪ್ರಾಣಿಗಳನ್ನು ಬೇಟೆಯಾಡಬಹುದೇ?
ಉತ್ತರ: ಇಲ್ಲ. ಆಯುಧ ಪರವಾನಗಿಯು ವನ್ಯಜೀವಿ ಅಧಿನಿಯಮದ ನಿಬಂಧನೆಗಳಿಂದ ವಿನಾಯಿತಿ ನೀಡುವುದಿಲ್ಲ.

9. ಸಾರ್ವಜನಿಕರಲ್ಲಿ ಮನವಿ

ತಂತ್ರಾಂಶ ನೀಡುವುದು ಪ್ರಮಾಣಿತ ಕಾಡತೂಸಿನ ಕುರಿತ ಅಂದಾಜು. ಕ್ರೋನೋಗ್ರಾಫ್ ನೀಡುವುದು ಈಗಾಗಲೇ ಹಾರಿದ ಗುಂಡಿನ ವರದಿ. ಮುಂದಿನ ಗುಂಡಿನ ಸುರಕ್ಷತೆಗೆ ಇವೆರಡರಲ್ಲಿ ಯಾವುದೂ ಜಾಮೀನು ನೀಡುವುದಿಲ್ಲ. ಆದುದರಿಂದ ಪರವಾನಗಿದಾರರು ಪುನರ್ಭರ್ತಿಯ ಪ್ರಯತ್ನಕ್ಕೆ ಕೈಹಾಕದೆ, ಕಾರ್ಖಾನೆಯಲ್ಲಿ ಪರೀಕ್ಷೆಗೊಳಪಟ್ಟ ಕಾಡತೂಸುಗಳನ್ನೇ ಬಳಸುವಂತೆ ಕೋರಲಾಗಿದೆ. ಹೊಸ ಪರವಾನಗಿ, ನವೀಕರಣ ಮತ್ತು ಇತರ ಸೇವೆಗಳಿಗಾಗಿ ಈ ಮೂರೂ ತಾಲ್ಲೂಕುಗಳ ನಾಗರಿಕರು ಬೆಳಗಾವಿಯ ಜಿಲ್ಲಾ ದಂಡಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.