ಯಾರು ಮಾತನಾಡುತ್ತಿರುವುದು?

ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಡೆದ ಸಂಗತಿ. ಕಾಲೇಜಿನ ನಮ್ಮ ವಿಭಾಗದಲ್ಲಿ ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದೆ. ಮೇಜಿನ ಮೇಲಿನ ದೂರವಾಣಿ ಗಂಟೆ ಬಾರಿಸಿತು. ಅದರ ಪುಟ್ಟ ಪರದೆಯ ಮೇಲೆ ಕರೆಯುತ್ತಿರುವವರ ಹೆಸರು ಮೂಡಿತ್ತು. ಅದು ಒಂದು ತಿಂಗಳ ಹಿಂದೆ ತೀರಿಕೊಂಡಿದ್ದ ನನ್ನ ಸಹೋದ್ಯೋಗಿಯ ಹೆಸರು. ಗಂಟೆ ನಾಲ್ಕೈದು ಸಲ ಮೊಳಗುವವರೆಗೂ ನನ್ನ ಕೈ ಮುಂದಾಗಲಿಲ್ಲ. ಕೊನೆಗೆ ರಿಸೀವರ್ ಎತ್ತಿಕೊಂಡರೆ, ಅವರ ಸ್ಥಾನಕ್ಕೆ ಹೊಸದಾಗಿ ಬಂದಿದ್ದ ಅಧ್ಯಾಪಕಿ, “ಸಾರ್, ವೇಳಾಪಟ್ಟಿಯ ವಿಷಯ ಕೇಳಬೇಕಾಗಿತ್ತು” ಎಂದರು.

ಯಂತ್ರ ಸುಳ್ಳು ಹೇಳಿರಲಿಲ್ಲ. ಆ ಕೊಠಡಿಯ ತಂತಿಗೆ ಹಿಂದೊಮ್ಮೆ ಯಾರೋ ಬರೆದಿಟ್ಟಿದ್ದ ಹೆಸರನ್ನು ಅದು ಒಪ್ಪಿಸಿತ್ತು, ಅಷ್ಟೆ. ಆದರೆ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ‘ಇಂಥವರು ಕರೆಯುತ್ತಿದ್ದಾರೆ’ ಎಂದು ದೂರವಾಣಿ ತೋರಿಸಿದಾಗ ಅದು ನಿಜವಾಗಿ ಹೇಳುವುದೇನು? ಇದಕ್ಕೆ ಉತ್ತರ ಹುಡುಕಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1878ರ ಜನವರಿಯಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ದೂರವಾಣಿ ವಿನಿಮಯ ಕೇಂದ್ರವೊಂದು ಆರಂಭವಾಯಿತು. ಅದಕ್ಕೆ ಇದ್ದ ಚಂದಾದಾರರು 21 ಮಂದಿ. ಮರುತಿಂಗಳು ಅಲ್ಲಿ ಹೊರಬಂದ ದೂರವಾಣಿ ಪಟ್ಟಿಯಲ್ಲಿ ಹೆಸರುಗಳಿದ್ದವು, ಸಂಖ್ಯೆಗಳಿರಲಿಲ್ಲ. ನಡುವೆ ಕುಳಿತ ಆಪರೇಟರ್ ಇಂಥವರನ್ನು ಇಂಥವರಿಗೆ ಜೋಡಿಸುತ್ತಿದ್ದರು. ಪರಿಚಯ ಮಾಡಿಸುವ ಕೆಲಸವೂ ಅವರದೇ. 1882ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಿಗೆ ಇಂಥ ಕೇಂದ್ರಗಳು ಬಂದವು. ಮುಂದೆ ದೊಡ್ಡ ಕಚೇರಿಗಳು ತಮ್ಮೊಳಗೇ ಒಂದು ಪುಟ್ಟ ವಿನಿಮಯ ಕೇಂದ್ರವನ್ನು ಇಟ್ಟುಕೊಂಡವು. “ಸಾರ್, ಧಾರವಾಡದಿಂದ ಕರೆ ಇದೆ, ಕೊಡಲೇ?” ಎಂಬ ಆಪರೇಟರ್ ದನಿಯನ್ನು ನನ್ನ ವಯಸ್ಸಿನವರು ಮರೆತಿರಲಾರರು.

ಈ ದನಿಯನ್ನು ಪಕ್ಕಕ್ಕೆ ಸರಿಸಿದವನು ಕ್ಯಾನ್ಸಾಸ್ ಸಿಟಿಯ ಆಲ್ಮನ್ ಸ್ಟ್ರೌಜರ್. ಅವನದು ಶವಸಂಸ್ಕಾರದ ಏರ್ಪಾಡು ಮಾಡುವ ವೃತ್ತಿ. ಪ್ರತಿಸ್ಪರ್ಧಿಯ ಹೆಂಡತಿ ಆಪರೇಟರ್ ಆಗಿದ್ದು, ತನಗೆ ಬರಬೇಕಾದ ಕರೆಗಳನ್ನು ಗಂಡನಿಗೆ ತಿರುಗಿಸುತ್ತಾಳೆಂಬ ಸಂಶಯ ಅವನಿಗಿತ್ತೆಂದು ಕಥೆ. ಕಥೆ ಹೇಗೇ ಇರಲಿ, 1891ರಲ್ಲಿ ಅವನಿಗೆ ಸ್ವಯಂಚಾಲಿತ ಯಂತ್ರದ ಪೇಟೆಂಟ್ ದೊರೆಯಿತು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಮೊದಮೊದಲು ತಯಾರಿಸಿದ್ದೂ ಸ್ಟ್ರೌಜರ್ ಪದ್ಧತಿಯ ಉಪಕರಣಗಳನ್ನೇ. ಆಪರೇಟರ್ ಹೋದರು, ಅವರೊಡನೆ ಪರಿಚಯವೂ ಹೋಯಿತು. ಉಳಿದದ್ದು ಬರಿಯ ಗಂಟೆಯ ಸದ್ದು.

ಆದರೂ ಕರೆದವರ ಸಂಖ್ಯೆಯನ್ನು ತಿಳಿಯುವ ಅಗತ್ಯ ದೂರವಾಣಿ ಕಂಪನಿಗಳಿಗಿತ್ತು, ಹಣ ವಸೂಲಿಗಾಗಿ. 1951ರಲ್ಲಿ ಅಮೆರಿಕದ ಎಂಗಲ್‌ವುಡ್ ಪಟ್ಟಣದಿಂದ ಆಪರೇಟರ್ ನೆರವಿಲ್ಲದೆ ಖಂಡದ ಇನ್ನೊಂದು ಅಂಚಿಗೆ ಚಂದಾದಾರರೇ ನೇರವಾಗಿ ಡಯಲ್ ಮಾಡತೊಡಗಿದ ಮೇಲೆ, ಯಾರ ಲೆಕ್ಕಕ್ಕೆ ಬರೆಯಬೇಕೆಂಬುದು ಕೇಂದ್ರಕ್ಕೆ ಗೊತ್ತಿರಲೇಬೇಕಾಯಿತು. ಹೀಗೆ ಕೇಂದ್ರಕ್ಕೆ ತಿಳಿದ ಗುಟ್ಟು ಕರೆಸಿಕೊಂಡವನಿಗೆ ಮಾತ್ರ ತಿಳಿಯುತ್ತಿರಲಿಲ್ಲ.

ಅದನ್ನು ಅವನಿಗೂ ತಲುಪಿಸುವ ಯತ್ನ 1960ರ ದಶಕದ ಕೊನೆಗೆ ಗ್ರೀಸ್ ಮೂಲದ ಥಿಯೊಡೋರ್ ಪರಸ್ಕೆವಾಕೋಸ್ ಅವರಿಂದ ಮೊದಲಾಯಿತು. ಜಪಾನಿನ ಕಜುವೊ ಹಷಿಮೊಟೊ 1976ರಲ್ಲಿ ಸಂಖ್ಯೆ ತೋರಿಸುವ ಮಾದರಿ ಯಂತ್ರವೊಂದನ್ನು ಮಾಡಿದರು. 1987ರಲ್ಲಿ ನ್ಯೂ ಜೆರ್ಸಿಯ ಗ್ರಾಹಕರಿಗೆ ಈ ಸೌಲಭ್ಯ ಸಿಕ್ಕಿತು. ಅಮೆರಿಕದ ಪದ್ಧತಿಯಲ್ಲಿ ಮೊದಲನೆಯ ಗಂಟೆಗೂ ಎರಡನೆಯ ಗಂಟೆಗೂ ನಡುವಿನ ಮೌನದಲ್ಲಿ ಸಂಖ್ಯೆ ಹರಿದುಬರುತ್ತದೆ.

ಕೂಡಲೇ ವಿವಾದ ಎದ್ದಿತು. ಅಶ್ಲೀಲ ಕರೆಗಳಿಂದ ನೊಂದವರು ಇದನ್ನು ಸ್ವಾಗತಿಸಿದರು. ಆದರೆ ಗಂಡನ ಹೊಡೆತಕ್ಕೆ ಹೆದರಿ ಆಶ್ರಯಧಾಮ ಸೇರಿದ ಹೆಣ್ಣುಮಗಳು ಅಲ್ಲಿಂದ ಮಕ್ಕಳೊಡನೆ ಮಾತನಾಡಲು ಮನೆಗೆ ಕರೆ ಮಾಡಿದರೆ, ಅವಳ ಅಡಗುತಾಣವೇ ಬಯಲಾಗುವುದಲ್ಲವೇ? ಪೆನ್ಸಿಲ್ವೇನಿಯದ ಸರ್ವೋಚ್ಚ ನ್ಯಾಯಾಲಯ 1992ರಲ್ಲಿ ಈ ಸೌಲಭ್ಯವನ್ನು ರಾಜ್ಯದ ಕಾನೂನಿಗೆ ವಿರುದ್ಧವೆಂದು ತೀರ್ಮಾನಿಸಿತು. 1995ರ ಹೊತ್ತಿಗೆ ರಾಷ್ಟ್ರಮಟ್ಟದಲ್ಲೇ ಒಂದು ರಾಜಿ ಏರ್ಪಟ್ಟಿತು: ರಾಜ್ಯದಿಂದ ರಾಜ್ಯಕ್ಕೆ ಹೋಗುವ ಕರೆಗಳಲ್ಲೂ ಸಂಖ್ಯೆ ತಲುಪಬೇಕು, ಬೇಡವೆನ್ನುವವರು ಖರ್ಚಿಲ್ಲದೆ ಮರೆಮಾಡಿಕೊಳ್ಳಲೂ ಅವಕಾಶವಿರಬೇಕು. ತಿಳಿಯುವ ಹಕ್ಕಿನ ಜೊತೆಗೆ ಮರೆಯಲ್ಲಿರುವ ಹಕ್ಕನ್ನೂ ಮನ್ನಿಸಿದ ಏರ್ಪಾಡು ಅದು.

ಇನ್ನು ಕಚೇರಿಯ ವಿಷಯ. ಒಳಗಿನಿಂದೊಳಗೆ ಕರೆ ಮಾಡಿದಾಗ ಕಾಣುವ ಹೆಸರು, ಆಯಾ ಕೊಠಡಿಯ ಸಂಖ್ಯೆಯ ಮುಂದೆ ಕಚೇರಿಯವರೇ ತುಂಬಿಸಿಟ್ಟದ್ದು. ಹೊರಕ್ಕೆ ಹೋಗುವ ಕರೆಯಲ್ಲಾದರೋ, ಯಾವ ಸಂಖ್ಯೆಯನ್ನು ಹೇಳಬೇಕೆಂದು ಕಚೇರಿಯ ಯಂತ್ರಕ್ಕೆ ಮೊದಲೇ ಕಲಿಸಿಟ್ಟಿರುವುದುಂಟು. ಐವತ್ತು ಕೊಠಡಿಗಳಲ್ಲಿ ಯಾವುದರಿಂದ ಮಾತನಾಡಿದರೂ ಎದುರಿನವರಿಗೆ ಕಾಣುವುದು ಮುಖ್ಯ ಸಂಖ್ಯೆ. ಇದರಲ್ಲಿ ಮೋಸವಿಲ್ಲ, ಮರಳಿ ಕರೆಯುವವರಿಗೆ ಅದೇ ಅನುಕೂಲ. ಆದರೆ ಸಂಖ್ಯೆಯನ್ನು ಹೇಳುವ ಅಧಿಕಾರ ಕರೆಯುವವನ ಕಡೆಗೆ ಬಂದಿತೆಂಬುದನ್ನು ಗಮನಿಸಬೇಕು. ಅಂತರಜಾಲದ ಮೂಲಕ ದೂರವಾಣಿ ಸಾಧ್ಯವಾದ ಮೇಲೆ ವಂಚಕರಿಗೂ ಈ ದಾರಿ ಸುಲಭವಾಯಿತು. ಮೋಸದ ಉದ್ದೇಶದಿಂದ ಸುಳ್ಳು ಸಂಖ್ಯೆ ತೋರಿಸುವುದನ್ನು ಅಮೆರಿಕ 2010ರಲ್ಲಿ ಕಾನೂನಿನಿಂದ ನಿಷೇಧಿಸಬೇಕಾಯಿತು. ನಮ್ಮಲ್ಲಿ ಕರೆಯೊಡನೆ ಚಂದಾದಾರರ ಹೆಸರನ್ನೂ ತೋರಿಸುವ ವ್ಯವಸ್ಥೆಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿತು.

ಆದರೆ ಚಂದಾದಾರರ ಹೆಸರು ಬೇರೆ, ಮಾತನಾಡುವವರು ಬೇರೆ. ಗುರುತು ತಂತಿಯದ್ದು, ಪರಿಚಯ ಮನುಷ್ಯರದ್ದು. ಬ್ಯಾಂಕಿನ ಸಂಖ್ಯೆಯನ್ನು ಕಂಡೊಡನೆ ಗುಟ್ಟಿನ ಅಂಕಿಗಳನ್ನು ಒಪ್ಪಿಸುವವರು ಇದನ್ನು ನೆನಪಿಡಬೇಕು. ಕಚೇರಿಗಳೂ ನೆನಪಿಡಬೇಕು, ಕೊಠಡಿಯ ಬೀಗದ ಕೈ ಹಸ್ತಾಂತರಿಸುವಾಗ ದೂರವಾಣಿಯ ಹೆಸರನ್ನೂ ಬದಲಿಸಬೇಕು.

ಮರುದಿನ ನಾನು ಕಾಲೇಜಿನ ಕಚೇರಿಗೆ ಹೋಗಿ ವಿಷಯ ತಿಳಿಸಿದೆ. ಗುಮಾಸ್ತರು ಐದೇ ನಿಮಿಷದಲ್ಲಿ ಹೆಸರು ತಿದ್ದಿದರು. ನನ್ನ ಗೆಳೆಯನ ಹೆಸರು ಅಳಿಸಿಹೋದದ್ದನ್ನು ನೋಡಿ ಸಮಾಧಾನವೂ ಆಯಿತು, ಸಂಕಟವೂ ಆಯಿತು. ಅಂದಿನಿಂದ ಯಾರಿಗೆ ಕರೆ ಮಾಡಿದರೂ ಮೊದಲು ನನ್ನ ಹೆಸರನ್ನು ನಾನೇ ಹೇಳಿ ಮಾತು ಆರಂಭಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ.