ತಟ್ಟೆಯಿಂದ ತಿಪ್ಪೆಗೆ: ಗಾಂಧೀಜಿಯವರ ಆಹಾರಚಿಂತನೆ ಸಾಗಿದ ದಾರಿ

ಮಾಂಸಾಹಾರ ಸರಿಯೋ, ಸಸ್ಯಾಹಾರ ಸರಿಯೋ ಎಂಬ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ತಟ್ಟೆಯ ಅಂಚಿಗೇ ಬಂದು ನಿಂತುಬಿಡುತ್ತದೆ. ಹೊರನಾಡಿನ ನಗರಗಳಲ್ಲಿ ಬಾಡಿಗೆಮನೆ ಹುಡುಕಿದವರಿಗೆ ಇದರ ಇನ್ನೊಂದು ಮುಖವೂ ಗೊತ್ತು. ‘ನೀವು ವೆಜ್ಜೋ, ನಾನ್‌ವೆಜ್ಜೋ?’ ಎಂಬ ಪ್ರಶ್ನೆಯ ಹಿಂದೆ ಎಷ್ಟೋ ಸಲ ಜಾತಿಯ ವಿಚಾರಣೆ ಅಡಗಿರುತ್ತದೆ. ತಟ್ಟೆಯ ಅನ್ನ ಯಾವ ನೆಲದಿಂದ ಬಂತು, ಆ ನೆಲಕ್ಕೆ ಹಿಂದಿರುಗಿದ್ದೇನು, ಅದರ ಹೊರೆ ಹೊತ್ತವರು ಯಾರು ಎಂದು ಕೇಳುವವರು ವಿರಳ. ಮೊದಲ ಪ್ರಶ್ನೆಯಿಂದ ಹೊರಟು ಈ ಪ್ರಶ್ನೆಗಳವರೆಗೆ ನಡೆದವರು ಗಾಂಧೀಜಿ.

ಆಂಗ್ಲರ ಬಲಕ್ಕೆ ಮಾಂಸವೇ ಕಾರಣವೆಂದು ನಂಬಿ ಬಾಲಕ ಮೋಹನದಾಸ ಗುಟ್ಟಾಗಿ ಆಡಿನ ಮಾಂಸ ತಿಂದದ್ದು, ಆ ರಾತ್ರಿ ಹೊಟ್ಟೆಯೊಳಗೆ ಜೀವಂತ ಆಡು ಅರಚಿದಂತೆನಿಸಿದ್ದು ಆತ್ಮಕಥೆಯ ಓದುಗರಿಗೆ ತಿಳಿದದ್ದೇ. 1888ರಲ್ಲಿ ಲಂಡನ್ನಿಗೆ ಹೋದಾಗ ಮಾಂಸದಿಂದ ಅವರನ್ನು ದೂರವಿಟ್ಟದ್ದು ತಾಯಿಗೆ ಕೊಟ್ಟ ಮಾತು. ಭಾರತೀಯರೆಲ್ಲ ಮಾಂಸ ತಿನ್ನುವಂತಾಗಲೆಂಬ ಆಸೆ ಆಗಲೂ ಒಳಗೆ ಉಳಿದಿತ್ತು. ಫ್ಯಾರಿಂಗ್ಡನ್ ಬೀದಿಯ ಸಸ್ಯಾಹಾರಿ ಹೋಟೆಲಿನಲ್ಲಿ ಕೊಂಡ ಹೆನ್ರಿ ಸಾಲ್ಟ್ ಅವರ ಪುಸ್ತಕ ಆ ಆಸೆಯನ್ನು ಅಳಿಸಿತು. ಹುಟ್ಟಿನಿಂದ ಬಂದ ಆಚಾರ ಅಂದಿನಿಂದ ಆಯ್ಕೆಯಾಯಿತು. ಆಚಾರಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಆಯ್ಕೆಯಾದರೋ ಹೆಜ್ಜೆಹೆಜ್ಜೆಗೂ ಉತ್ತರ ಬೇಡುತ್ತದೆ.

ಮುಂದಿನ ಪ್ರಶ್ನೆ ಹಾಲಿನದು. ಕಲ್ಕತ್ತೆಯ ಗೌಳಿಗರು ಹಸುಗಳಿಗೆ ಕೊಡುತ್ತಿದ್ದ ಹಿಂಸೆಯ ವಿಷಯವನ್ನು ಓದಿದ್ದ ಗಾಂಧೀಜಿ, 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಾಲನ್ನು ಬಿಟ್ಟರು. ಬ್ರಹ್ಮಚರ್ಯದ ವಿಚಾರವೂ ಅದರ ಹಿಂದಿತ್ತು. 1918ರ ತೀವ್ರ ಕಾಯಿಲೆಯ ನಂತರ ವೈದ್ಯರು ಹಾಲು ಬೇಕೇಬೇಕೆಂದಾಗ ಕಸ್ತೂರಬಾ ಆಡಿನ ಹಾಲಿನ ದಾರಿ ತೋರಿದರು. ಗಾಂಧೀಜಿ ಒಪ್ಪಿದರು, ವ್ರತದ ಅಕ್ಷರ ಉಳಿಯಿತು, ಆತ್ಮ ಉಳಿಯಲಿಲ್ಲವೆಂದು ಜೀವನವಿಡೀ ನೊಂದರು.

ಈ ನೋವು ಅವರನ್ನು ಕೊಟ್ಟಿಗೆಯತ್ತ ತಿರುಗಿಸಿತೆಂದು ನನ್ನ ಊಹೆ. 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಅವರು ಅಲ್ಲಿಯೇ ಸೇರಿದ ಗೋರಕ್ಷಾ ಸಮ್ಮೇಳನದ ಅಧ್ಯಕ್ಷತೆಯನ್ನೂ ವಹಿಸಿದರು. ಮರುವರ್ಷ ರೂಪುಗೊಂಡ ಅಖಿಲ ಭಾರತ ಸಂಸ್ಥೆಯ ಕಾರ್ಯಕ್ರಮದಲ್ಲಿ ಡೈರಿಯ ಜೊತೆಗೆ ಸತ್ತ ದನಗಳ ಚರ್ಮ ಹದಮಾಡುವ ಉದ್ಯಮವೂ ಇತ್ತು. 1927ರಲ್ಲಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಬೆಂಗಳೂರಿಗೆ ಬಂದಾಗ ಅಲ್ಲಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ಪಶುಪಾಲನೆಯ ವಿಷಯ ತಿಳಿದುಕೊಂಡರು. ಹಾಲು ಕುಡಿಯುವ ಸಸ್ಯಾಹಾರಿ ಗಂಡುಕರುವಿನ, ಬತ್ತಿದ ಹಸುವಿನ ಗತಿಯನ್ನೂ ಯೋಚಿಸಬೇಕಲ್ಲವೇ? ಸತ್ತ ದನವನ್ನು ಎಳೆದು ಚರ್ಮ ಸುಲಿಯುವ ಕೆಲಸವನ್ನು ಅಸ್ಪೃಶ್ಯರೆನಿಸಿದವರ ತಲೆಗೆ ಕಟ್ಟಿ, ಅದೇ ಕಾರಣಕ್ಕೆ ಅವರನ್ನು ದೂರವಿಟ್ಟ ಸಮಾಜದ ಅಹಿಂಸೆ ಎಷ್ಟು ಶುದ್ಧವಾದದ್ದು?

ಕೊಟ್ಟಿಗೆಯ ಆಚೆ ತಿಪ್ಪೆಯಿದೆ. 1905ರಲ್ಲಿ ಬಿಹಾರದ ಪೂಸಾಕ್ಕೆ ಸರ್ಕಾರಿ ಸಸ್ಯವಿಜ್ಞಾನಿಯಾಗಿ ಬಂದ ಆಲ್ಬರ್ಟ್ ಹೋವರ್ಡ್, ಭಾರತದ ರೈತರಿಗೆ ಕಲಿಸಲು ಬಂದವರು ಅವರಿಂದಲೇ ಕಲಿತರು. 1924ರಿಂದ ಇಂದೋರಿನ ಸಂಸ್ಥೆಯಲ್ಲಿ ಕಸಕಡ್ಡಿ, ಸಗಣಿ, ಗಂಜಲ ಹೀರಿದ ಮಣ್ಣು, ಬೂದಿಗಳನ್ನು ಪದರಪದರವಾಗಿ ಹಾಕಿ, ಆಗಾಗ ಮಗುಚಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ಅವರು ರೂಪಿಸಿದರು. 1931ರಲ್ಲಿ ಯಶವಂತ ವಾಡ್ ಅವರೊಡನೆ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ನೆಲದಿಂದ ಪಡೆದದ್ದನ್ನು ನೆಲಕ್ಕೇ ಮರಳಿಸಬೇಕೆಂಬುದು ಅವರ ತತ್ತ್ವ. 1935ರ ಏಪ್ರಿಲ್‌ನಲ್ಲಿ ಗಾಂಧೀಜಿ ಆ ಸಂಸ್ಥೆಗೆ ಭೇಟಿಕೊಟ್ಟರು.

ಇಲ್ಲಿ ಒಂದು ತೊಡಕಿದೆ. ಹೋವರ್ಡ್ ಅವರ ಬೇಸಾಯ ದನಗಳಿಲ್ಲದೆ ನಡೆಯದು. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಹಾಲನ್ನೂ ಬಿಡಬೇಕೆಂದು ವೀಗನ್ ಸಂಘ ಕಟ್ಟಿದರು. ದನವೇ ಬೇಡವೆಂದರೆ ಬೆಳೆಗೆ ಬೇಕಾದ ಸಾರಜನಕ ಎಲ್ಲಿಂದ ಬರಬೇಕು? 1913ರಲ್ಲಿ ಜರ್ಮನಿಯ ಓಪ್ಪೌನಲ್ಲಿ ಆರಂಭವಾದ ಕಾರ್ಖಾನೆ ಗಾಳಿಯ ಸಾರಜನಕವನ್ನು ಅಮೋನಿಯವಾಗಿಸಿ ಒಂದು ಉತ್ತರ ಕೊಟ್ಟಿತು. ಅದಕ್ಕೆ ಇಂಧನ ಸುಡಬೇಕು. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನ ಅವರೆ, ತೊಗರಿಗಳು ಇನ್ನೊಂದು ಉತ್ತರ. ಅವುಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತವೆ. ಬಯಲುಸೀಮೆಯ ರೈತರು ಗೊಬ್ಬರಕ್ಕಾಗಿ ಕುರಿಮಂದೆಯನ್ನು ಹೊಲದಲ್ಲಿ ತಂಗಿಸಿ ಕುರಿಗಾರರಿಗೆ ಕಾಳುಕಡಿ ಕೊಡುವುದುಂಟು. ಮಾಂಸಕ್ಕಾಗಿ ಸಾಕಿದ ಆ ಕುರಿಗಳ ಹಿಕ್ಕೆಯಿಂದ ಬೆಳೆದ ಜೋಳ ಸಸ್ಯಾಹಾರಿಯ ರೊಟ್ಟಿಯೂ ಆಗುತ್ತದೆ.

ಹಾಗೆಂದು ಎಲ್ಲ ಊಟವೂ ಒಂದೇ ಎಂದಲ್ಲ. ಪ್ರಾಣಿಯ ನೋವು ನಿಜ. ಅದನ್ನು ಕಡಿಮೆ ಮಾಡಬೇಕೆಂಬ ಹಂಬಲವೂ ಗೌರವಕ್ಕೆ ಯೋಗ್ಯ. ಆದರೆ ಆ ಹಂಬಲ ನೆರೆಯವರನ್ನು ಅಳೆಯುವ ಕೋಲಾಗದೆ ನಮ್ಮ ಮೇಲೆ ನಾವೇ ಹಾಕಿಕೊಂಡ ಹೊಣೆಯಾದಾಗ ಮಾತ್ರ ಅದಕ್ಕೆ ಬೆಲೆ. ಹೊಣೆಯ ಲೆಕ್ಕ ತಟ್ಟೆಯಲ್ಲಿ ಮುಗಿಯುವುದಿಲ್ಲ. ಬಲಿಪಾಡ್ಯಮಿಯಂದು ತಿಪ್ಪೆಯ ಮೇಲೂ ಒಂದು ದೀಪವಿಡುವ ನಮ್ಮ ಹಳ್ಳಿಗಳ ಜನಕ್ಕೆ ಇದನ್ನು ಯಾರೂ ಹೊಸದಾಗಿ ಹೇಳಬೇಕಿಲ್ಲ.